ಕಾರಿನ ಕೆಳಗಿನ ಒದ್ದೆ

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನನ್ನ ಕಣ್ಣು ಹೋಗುತ್ತಿದ್ದುದು ಕಾರಿನ ಕೆಳಗಿನ ನೆಲಕ್ಕೆ. ಮುಂದಿನ ಚಕ್ರಗಳ ನಡುವೆ ಅಂಗೈಯಗಲದ ಒಂದು ಒದ್ದೆ. ಅದರ ಮೇಲೆ ಕಾರು, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡು ಬೆಳಿಗ್ಗೆ ಏನೂ ಅರಿಯದ ಮುಖ ಮಾಡುವ ಮಗುವಿನ ಹಾಗೆ ಸುಮ್ಮನೆ ನಿಂತಿರುತ್ತಿತ್ತು. ಒದ್ದೆಯ ಬಣ್ಣ ಹಸಿರು. ಅಂಚು ಒಣಗಿದ ಕಡೆ ತುಸು ಹಳದಿ. ಹಸಿರು ಯಾಕೆಂದು ನನಗೆ ಗೊತ್ತಿತ್ತು. ಇಂಜಿನ್ ಕಾಯದಿರಲೆಂದು ರೇಡಿಯೇಟರಿನ ನೀರಿಗೆ ಬೆರೆಸುವ ಔಷಧಿಯ ಬಣ್ಣ ಅದು. ಹಳದಿಯ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹಸಿರು ಮಾಸಿದರೆ ಹಾಗೆಯೇ ಕಾಣುತ್ತದೆ ಎಂದುಕೊಂಡೆ.

ನಾನು ನೋಡಿ ಮುಗಿಸಿದ ಮೇಲೆ ಗೌರತ್ತೆ ಬರುತ್ತಿದ್ದಳು. ಒಂದು ಚೊಂಬು ನೀರು ಎರಚಿ, ಪೊರಕೆಯಿಂದ ಬರಬರನೆ ಗುಡಿಸಿ, ನನ್ನ ಕಡೆ ನೋಡದೆ ಒಳಗೆ ಹೋಗುತ್ತಿದ್ದಳು. ಬಾಯಲ್ಲಿ ಒಂದು ಮಾತಿಲ್ಲ. ಆಡಬೇಕಾದ್ದನ್ನೆಲ್ಲ ಆ ಪೊರಕೆಯೇ ಆಡುತ್ತಿತ್ತು.

ಇಂಜಿನ್ ಪೂರ್ತಿ ಬಿಚ್ಚಿ, ಸವೆದದ್ದನ್ನೆಲ್ಲ ಬದಲಾಯಿಸಿ, ಮತ್ತೆ ಕೂಡಿಸಿ ಕೆಲವೇ ದಿನಗಳಾಗಿದ್ದವು. ಸೋರಲು ಅದಕ್ಕೆ ಯಾವ ಹಕ್ಕೂ ಇರಲಿಲ್ಲ.

ಕಾರು ಅಪ್ಪನದು. ನಮ್ಮ ಊರಿನ ಅರ್ಧದಷ್ಟು ಮದುವೆ ಹೆಣ್ಣುಗಳು ಅದರ ಹಿಂದಿನ ಸೀಟಿನಲ್ಲಿ ಕೂತು ಅತ್ತುಕೊಂಡು ಗಂಡನ ಮನೆಗೆ ಹೋದವರು. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ನನಗೆ ಕಾಲು ಪೆಡಲಿಗೆ ಎಟುಕುವಷ್ಟು ಉದ್ದವಾದ ದಿನವೇ ಓಡಿಸುವುದನ್ನೂ ಕಲಿಸಿದ್ದ. ಅವನು ಎದೆನೋವೆಂದು ಮಲಗಿ ಮತ್ತೆ ಏಳದೆ ಹೋದ ಮೇಲೆ ಕಾರು ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿತು. ಬಹಳ ದಿನ ಸುಮ್ಮನೆ ನಿಂತ ಇಂಜಿನ್ ಒಳಗೇ ಬಿಗಿದುಕೊಂಡಿತು. ಅದನ್ನು ಬಿಚ್ಚಿಸಿ, ರಿಪೇರಿ ಮಾಡಿಸಿ, ನಾನೇ ಓಡಿಸುತ್ತೇನೆ ಎಂದು ಹೇಳಿದ ದಿನ ಗೌರತ್ತೆ ಊಟ ಬಿಟ್ಟಳು.

ಗೌರತ್ತೆ ಅಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ನನ್ನನ್ನು ಹೆತ್ತ ಬಾಣಂತನದಲ್ಲೇ ಅಮ್ಮ ತೀರಿಹೋದಾಗ ನನ್ನನ್ನು ಎತ್ತಿಕೊಂಡವಳು ಆಕೆ. ಆಮೇಲೆ ಕೆಳಗೆ ಇಳಿಸಲೇ ಇಲ್ಲ ಎಂದರೂ ಸರಿಯೇ. ಗಂಡ ಹೋದದ್ದು, ಅತ್ತಿಗೆ ಹೋದದ್ದು, ಕೊನೆಗೆ ಅಣ್ಣ ಹೋದದ್ದು, ಎಲ್ಲವೂ ತನ್ನ ಕಾಲ್ಗುಣದಿಂದಲೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಮದುವೆ ಮನೆಗೆ ಹೋದರೆ ಅಡುಗೆಯ ಕಡೆಯೇ ಇರುತ್ತಿದ್ದಳು. ಅರಿಶಿನ ಕುಂಕುಮದ ತಟ್ಟೆ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಅಪ್ಪ ಕಾರು ಹೊರಡಿಸುವ ಹೊತ್ತಿಗೆ ಎಲ್ಲಿದ್ದರೂ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು, ಎದುರು ಬಂದರೆ ಹೊರಟ ಕೆಲಸ ಕೆಡುತ್ತದೆ ಎಂದು.

"ಲೇ ಗೌರಿ, ಹಿತ್ತಲಿನ ಆ ನುಗ್ಗೆಮರಾನ ಏನ್ ಕಳಿಸಿಕೊಡ್ತೀಯೆ? ಇಲ್ಲಿ ಬಂದು ನನ್ನನ್ನ ಕಳಿಸಿಕೊಡು," ಎಂದು ಅಪ್ಪ ಹಾರ್ನ್ ಹೊಡೆದು ರೇಗಿಸುತ್ತಿದ್ದ. ಅವಳು ಹಿತ್ತಲಿನಿಂದಲೇ, "ನೀನ್ ಸುಮ್ನೆ ಹೋಗಣ್ಣ," ಎಂದು ಕೂಗುತ್ತಿದ್ದಳು. ಬೈದೂ ನೋಡಿದ, ಬೇಡಿಕೊಂಡೂ ನೋಡಿದ. ಅಪ್ಪನ ಕಾರು ಹೊರಡುವುದನ್ನು ಅವನು ಬದುಕಿದ್ದಷ್ಟು ಕಾಲವೂ ಅವಳು ಒಂದು ಸಲವೂ ಕಣ್ಣಾರೆ ನೋಡಲಿಲ್ಲ.

ಊಟ ಬಿಟ್ಟವಳು ಮಾರನೆಯ ದಿನ ನನ್ನ ಹಟಕ್ಕೆ ಸೋತು ಒಂದು ಮಾತು ಹೇಳಿದಳು. ಹೂವಿನ ಮಂಡಿಯ ಮಾದಪ್ಪನವರು, ರಿಪೇರಿಯಾದರೆ ಮಗಳ ಮದುವೆಗೆ ನಮ್ಮ ಕಾರೇ ಬೇಕೆಂದು ಹೇಳಿದ್ದರು. ಹೆಣ್ಣನ್ನು ಗುಡ್ಡದಾಚೆಯ ಊರಿಗೆ ಕರೆದೊಯ್ಯಬೇಕು. ಮಾದಪ್ಪನವರ ಹೆಂಡತಿಯೂ ಒಂದು ಕಾಲದಲ್ಲಿ ಅದೇ ಕಾರಿನಲ್ಲಿ ಬಂದಿಳಿದವರಂತೆ. ಅತ್ತೆ ಅಂದಳು: "ಆ ಮದುವೆಗೆ ಹೋಗಿ ಸರಿಯಾಗಿ ಬಾ. ಬಂದ್ರೆ ನಾನು ಬಾಯಿ ಬಿಡಲ್ಲ. ದಾರೀಲಿ ಏನಾದ್ರೂ ಆದ್ರೆ ಕಾರು ಮಾರಿಬಿಡಬೇಕು. ನಿನ್ನ ತಲೆ ಮೇಲೆ ಕೈಯಿಟ್ಟು ಆಣೆ ಹಾಕು, ನನ್ನ ತಲೆ ಮೇಲೆ ಬೇಡ." ನಾನು ಆಣೆ ಹಾಕಿದೆ. ನನ್ನ ಜೀವನದಲ್ಲಿ ಉಳಿಸಿಕೊಳ್ಳಬೇಕು ಅನ್ನಿಸಿದ್ದು ಆಗ ಕಾರೊಂದೇ ಇತ್ತು. ಅಪ್ಪನ ವಾಸನೆ ಇನ್ನೂ ಉಳಿದಿದ್ದುದು ಆ ಕಾರಿನ ಸೀಟಿನಲ್ಲಿ ಮಾತ್ರ.

ಹೀಗಿರುವಾಗ ಆ ಒದ್ದೆ.

ಇಂಜಿನ್ ಕಟ್ಟಿದವರು ಚೆಲುವಾಚಾರಿ. ಅವರ ಮನೆತನದವರು ಹಿಂದೆ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದವರು. ಇವರು ಮೋಟಾರಿಗೆ ಇಳಿದಿದ್ದರು. ಕೆಲಸದಲ್ಲಿ ಗಟ್ಟಿಗರು, ಮಾತಿನಲ್ಲಿ ಅದಕ್ಕಿಂತ ಗಟ್ಟಿಗರು. ವಿನಯ ಎಂಬ ಪದಾರ್ಥವನ್ನು ಅವರ ಗ್ಯಾರೇಜಿನಲ್ಲಿ ಇಟ್ಟುಕೊಂಡಿರಲಿಲ್ಲ. "ನನ್ನ ಕೈ ಬಿಟ್ಟು ಹೋದ ಇಂಜಿನ್ ತಿರುಗಿ ನನ್ನ ಮುಖ ನೋಡಿದ್ದಿಲ್ಲ," ಎನ್ನುವುದು ಅವರ ಮಂತ್ರ. ತಿರುಗಿ ಬಂದ ಇಂಜಿನ್‌ಗಳೂ ಇದ್ದವು ಅನ್ನಿ. ಆದರೆ ಆಗೆಲ್ಲ ತಪ್ಪು ರಸ್ತೆಯದು, ಪೆಟ್ರೋಲಿನದು, ಓಡಿಸಿದವನದು, ಒಂದು ಸಲವಂತೂ ಗ್ರಹಣದ್ದು. ತನ್ನದು ತಪ್ಪು ಎಂದು ಅವರು ಹೇಳಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಅವರ ಹೆಂಡತಿಯೂ ಕೇಳಿರಲಿಲ್ಲವಂತೆ. ಹಾಗೆಂದು ಆಕೆಯೇ ನೀರಿನ ಕೊಳಾಯಿಯ ಹತ್ತಿರ ಎಲ್ಲರಿಗೂ ಹೇಳುತ್ತಿದ್ದರು.

ನಾನು ಹೋಗಿ ವಿಷಯ ಹೇಳಿದಾಗ ತಲೆಯನ್ನೇ ಎತ್ತಲಿಲ್ಲ. "ನೀರು ತುಂಬುವಾಗ ಚೆಲ್ಲಿರ್ತೀಯ."

"ದಿನಾ ಬೆಳಿಗ್ಗೆ ಚೆಲ್ತೀನಾ ಆಚಾರ್ರೇ? ನಿದ್ದೇಲಿ ಎದ್ದು ಹೋಗಿ?"

"ನಿಮ್ಮಪ್ಪಂಗೂ ಹೀಗೇ ಬಾಯಿತ್ತು," ಎಂದು ಎದ್ದು ಬಂದರು.

ಬಂದವರು ಮೊದಲು ರೇಡಿಯೇಟರಿಗೂ ಇಂಜಿನಿಗೂ ನಡುವಿನ ರಬ್ಬರ್ ಕೊಳವೆಗಳ ಪಟ್ಟಿಗಳನ್ನು ಬಿಗಿ ಮಾಡಿದರು. ಮಾರನೆಯ ಬೆಳಿಗ್ಗೆ ಒದ್ದೆ ಇತ್ತು. ಕೊಳವೆಗಳನ್ನೇ ಬದಲಾಯಿಸಿದರು. ಒದ್ದೆ ಇತ್ತು. ರೇಡಿಯೇಟರಿನ ಮುಚ್ಚಳದ ವಾಷರ್ ಸರಿಯಿಲ್ಲ ಎಂದು ಹೊಸ ಮುಚ್ಚಳ ಹಾಕಿದರು. ಒದ್ದೆ ಹೊಸ ಮುಚ್ಚಳಕ್ಕೆ ಏನೂ ಮರ್ಯಾದೆ ಕೊಡಲಿಲ್ಲ. ಅಷ್ಟು ಹೊತ್ತಿಗೆ ಬೀದಿಯವರಿಗೂ ವಿಷಯ ತಿಳಿದು, ಕಾಂಪೌಂಡಿನ ಮೇಲೆ ಮೊಣಕೈಯೂರಿ ಸಲಹೆ ಕೊಡುವವರು ಹೆಚ್ಚಾದರು. ಹಿಟ್ಟಿನ ಗಿರಣಿಯ ದ್ಯಾವಪ್ಪ, "ಇಂಜಿನ್ ತಲೆ ಸರಿಯಾಗಿ ಕೂತಿಲ್ಲ ಕಣಮ್ಮ. ಇದು ಆಚಾರಿ ಕೈಕೆಲಸ. ಎಲ್ಲಾ ಮತ್ತೆ ಬಿಚ್ಚಬೇಕು," ಎಂದ. ಚೆಲುವಾಚಾರಿಯ ಕಿವಿ ಕೆಂಪಾಯಿತು.

ಆ ಮಾತಿಗೆ ನಾನು ನಿಜಕ್ಕೂ ಹೆದರಿದೆ. ಇಂಜಿನಿನ ಮೇಲೆ ಮುಚ್ಚಳದಂತೆ ಕೂರುವ ಆ ತಲೆಯನ್ನು ಮತ್ತೆ ಬಿಚ್ಚುವುದೆಂದರೆ ಮದುವೆಯ ದಿನಕ್ಕೆ ಕಾರು ಇಲ್ಲ. ಕಾರು ಇಲ್ಲವೆಂದರೆ ಆಣೆ ಇದೆ.

ಚೆಲುವಾಚಾರಿ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನನ್ನ ಮೂಗಿನ ಕೆಳಗೆ ಹಿಡಿದರು. "ನೋಡು. ಇಂಜಿನ್ ತಲೇಲಿ ಸೋರಿದ್ರೆ ನೀರು ಎಣ್ಣೆಗೆ ಸೇರಿ ಮಜ್ಜಿಗೆ ಥರ ಬೆಳ್ಳಗಾಗಿರ್ಬೇಕು. ಇದು ಜೇನುತುಪ್ಪ ಇದ್ದ ಹಾಗಿದೆ. ಹೋಗಿ ಆ ಗಿರಣಿಯೋನಿಗೆ ತೋರ್ಸು, ನೆಕ್ಕಲಿ ಬೇಕಾದ್ರೆ." ಆಮೇಲೆ ನನ್ನನ್ನು ಕೂರಿಸಿಕೊಂಡು ಗುಡ್ಡದ ಏರಿನ ಕಡೆ ಹೊರಟರು. ಏರಿನ ಅರ್ಧದಲ್ಲೇ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ನಾವು ರಸ್ತೆಯ ಬದಿಯಲ್ಲಿ ನಿಲ್ಲಿಸಿ ಹೊಂಗೆಮರದ ಕೆಳಗೆ ಕೂತೆವು. ಅದೇ ಜಾಗದಲ್ಲಿ ರೇಷ್ಮೆ ಸೀರೆ ಉಟ್ಟ ಮದುಮಗಳು ನಿಂತಿದ್ದರೆ ಹೇಗಿರುತ್ತಿತ್ತೆಂದು ಇಬ್ಬರಿಗೂ ಹೊಳೆದಿರಬೇಕು. ಚೆಲುವಾಚಾರಿ ಮೊದಲ ಸಲ ರಸ್ತೆಯನ್ನೂ ಬೈಯಲಿಲ್ಲ, ಪೆಟ್ರೋಲನ್ನೂ ಬೈಯಲಿಲ್ಲ.

"ನೀರು ಎಲ್ಲೋ ಹುಟ್ಟಿ ಇನ್ನೆಲ್ಲೋ ಬೀಳ್ತಿದೆ," ಅಂದರು. "ಫ್ಯಾನು ತಿರುಗೋವಾಗ ಎಲ್ಲಾ ಕಡೆ ಎರಚಿಬಿಡುತ್ತೆ. ಎಲ್ಲಾ ಒದ್ದೆಯಾದ ಮೇಲೆ ಕಳ್ಳ ಯಾರು ಅಂತ ಹೇಗೆ ಗೊತ್ತಾಗ್ಬೇಕು? ನಾಳೆ ಬೆಳಿಗ್ಗೆ ಬರ್ತೀನಿ. ಇಂಜಿನ್ ಮುಟ್ಟಬೇಡ. ಮನೇಲಿ ರಂಗೋಲಿ ಪುಡಿ ಇದ್ಯಾ?"

ರಂಗೋಲಿ ಪುಡಿ ಯಾಕೆಂದು ನನಗೆ ಅರ್ಥವಾಗಲಿಲ್ಲ. ಶಾಂತಿ ಗೀಂತಿ ಮಾಡಿಸುತ್ತಾರೇನೋ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಚೆಲುವಾಚಾರಿ ನಮ್ಮ ಅಂಗಳದಲ್ಲೇ ಬಾನೆಟ್ ಎತ್ತಿದರು. ಇಂಜಿನಿನ ಮುಂಭಾಗವನ್ನು ಸಾಬೂನು ನೀರಿನಿಂದ ಉಜ್ಜಿ, ಹಳೆಯ ಪಂಚೆಯಿಂದ ಮೂಲೆಮೂಲೆ ಒರೆಸಿ ಒಣಗಿಸಿದರು. ಫ್ಯಾನು ತಿರುಗಿ ಎರಚದಿರಲೆಂದು ಬೆಲ್ಟನ್ನು ಕಳಚಿದರು. ಆಮೇಲೆ ನನ್ನ ರಂಗೋಲಿ ಡಬ್ಬಿಯಿಂದ ಪುಡಿ ತೆಗೆದು, ಕೊಳವೆಗಳ ಮೇಲೆ, ಇಂಜಿನ್ ತಲೆಯ ಅಂಚಿಗೆ, ಇಂಜಿನಿಗೆ ನೀರು ತಳ್ಳುವ ಪಂಪಿನ ಸುತ್ತ, ಎಲ್ಲ ಕಡೆಯೂ ತೆಳ್ಳಗೆ ಉದುರಿಸಿದರು. ಇಂಜಿನ್ ಪೌಡರ್ ಹಾಕಿಕೊಂಡು ಹಬ್ಬಕ್ಕೆ ಹೊರಟ ಹಾಗಿತ್ತು. ರೇಡಿಯೇಟರಿಗೆ ನೀರು ತುಂಬಿದರು, ಇಂಜಿನನ್ನು ಸ್ವಲ್ಪವೇ ಹೊತ್ತು ಓಡಿಸಿ ನಿಲ್ಲಿಸಿದರು. "ಈಗ ಕೂತ್ಕೊ. ಬಾಯಿ ಮುಚ್ಕೊಂಡು ನೋಡು. ನೀರು ಎಲ್ಲಿ ಹುಟ್ಟುತ್ತೋ ಅಲ್ಲಿ ಪುಡಿ ನೆನೆಯುತ್ತೆ."

ಕೂತೆವು. ಅತ್ತೆ ಕಿಟಕಿಯ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಯಿತು. ಕಿಟಕಿಯ ಸರಳಿನ ಮೇಲೆ ಅವಳ ಬೆರಳುಗಳು ಕಾಣುತ್ತಿದ್ದವು.

ಇಂಜಿನ್ ತಣಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಕೊಳವೆಗಳ ಮೇಲಿನ ಪುಡಿ ಬೆಳ್ಳಗೇ ಇತ್ತು. ಇಂಜಿನ್ ತಲೆಯ ಅಂಚೂ ಬೆಳ್ಳಗೇ ಇತ್ತು. ದ್ಯಾವಪ್ಪನ ಬಾಯಿಗೆ ಅಷ್ಟು ಪುಡಿ ಹಾಕಬೇಕೆನ್ನಿಸಿತು. ಆಗ ಫ್ಯಾನಿನ ಹಿಂದೆ, ವಾಟರ್ ಪಂಪಿನ ಕುತ್ತಿಗೆಯ ಕೆಳಗೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ಪುಡಿಯ ಬಣ್ಣ ಬದಲಾಯಿತು. ಅಲ್ಲಿಂದ ಒಂದು ಹಸಿರು ಗೆರೆ ನಿಧಾನವಾಗಿ ಇಳಿದು ಬಂತು.

"ಸಿಕ್ಕಿಬಿದ್ದ," ಎಂದರು ಚೆಲುವಾಚಾರಿ. ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದಂತೆ. ಒಳಗೆ ನೀರು ತಡೆಯುವ ಸೀಲು ಕೆಟ್ಟರೆ ಹೊರಗೆ ತಿಳಿಯಲೆಂದೇ ಇಟ್ಟದ್ದು. ಅವರು ಫ್ಯಾನಿನ ರೆಕ್ಕೆಯನ್ನು ಎರಡು ಕೈಯಲ್ಲೂ ಹಿಡಿದು ಅಲುಗಾಡಿಸಿದರು. ಕಟಕಟ ಎಂದಿತು. ಆ ಸದ್ದಿಗೆ ಅವರ ಮುಖ ಬಿದ್ದುಹೋಯಿತು. ಆ ಫ್ಯಾನು ಕೂತಿರುವುದು ಪಂಪಿನ ದಂಡದ ಮೇಲೆಯೇ. ದಂಡ ಅಲ್ಲಾಡುತ್ತಿದೆ ಎಂದರೆ ಅದನ್ನು ಹಿಡಿದ ಬೇರಿಂಗ್ ಹೋಗಿದೆ ಎಂದು ಅರ್ಥ. ಆ ಬೇರಿಂಗ್ ಹೊಸದು. ಕೂರಿಸಿದವರು ಅವರೇ.

ಫ್ಯಾನು ಬಿಚ್ಚಿದರು, ಪುಲ್ಲಿ ಬಿಚ್ಚಿದರು. ನನಗೆ ಬೆನ್ನು ಮಾಡಿಕೊಂಡು ಬಗ್ಗಿದ್ದರು. ಇದ್ದಕ್ಕಿದ್ದ ಹಾಗೆ ಅವರ ಕೈ ನಿಂತಿತು. ಆಮೇಲೆ ಇಕ್ಕಳದಿಂದ ಏನನ್ನೋ ಎಳೆದ ಹಾಗಾಯಿತು. ಕೈ ಅಂಗಿಯ ಜೇಬಿನ ಕಡೆ ಹೋಗಿ ಬಂತು. ಪಂಪನ್ನು ಇಳಿಸಿ ಚೀಲದ ಮೇಲಿಟ್ಟು, ಪಂಚೆಯಿಂದ ಕೈ ಒರೆಸಿಕೊಂಡು, ಕಾರಿನ ಬಂಪರಿನ ಮೇಲೆ ಕೂತರು.

"ತಪ್ಪು ನಂದು," ಅಂದರು.

ನಾನು ಸುತ್ತ ನೋಡಿದೆ. ಬೇರೆ ಯಾರಾದರೂ ಮಾತಾಡಿದರೇನೋ ಎಂದು.

"ಏನಂದ್ರಿ?"

"ಕಿವಿ ಕೇಳಲ್ವಾ? ತಪ್ಪು ನಂದು. ಬೇರಿಂಗ್ ಸೊಟ್ಟ ಕೂರ್ಸಿದೀನಿ. ಅದು ಅಲ್ಲಾಡಿ ಅಲ್ಲಾಡಿ ಸೀಲನ್ನ ತಿಂದಿದೆ. ಹೊಸ ಪಂಪು ತಂದು ಸಂಜೆಯೊಳಗೆ ಹಾಕ್ತೀನಿ. ನಿನ್ನ ಮದುವೆ ಬಾಡಿಗೆ ಎಲ್ಲೂ ಹೋಗಲ್ಲ." ಇಷ್ಟನ್ನು ಅವರು ನನಗೆ ಹೇಳಲಿಲ್ಲ, ಕಿಟಕಿಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಹೇಳಿದರು. ಕಾಂಪೌಂಡಿನಾಚೆ ದ್ಯಾವಪ್ಪ ಬಾಯಿ ತೆರೆದವನು ಮುಚ್ಚಲು ಮರೆತ.

ಸಂಜೆ ಹೊಸ ಪಂಪು ಕೂತಿತು. ಮತ್ತೆ ಒರೆಸಿ, ಮತ್ತೆ ರಂಗೋಲಿ ಉದುರಿಸಿ, ಮತ್ತೆ ಕಾದೆವು. ಪುಡಿ ಬೆಳ್ಳಗೇ ಉಳಿಯಿತು. ನಾನು ನಿಟ್ಟುಸಿರು ಬಿಡುತ್ತಿರುವಾಗಲೇ ಚೆಲುವಾಚಾರಿ ಬಾಗಿಲ ಹತ್ತಿರ ಹೋಗಿ, "ಗೌರಮ್ಮ, ಸ್ವಲ್ಪ ಹೊರಗೆ ಬನ್ನಿ," ಎಂದು ಕರೆದರು.

ಅತ್ತೆ ಹೊಸ್ತಿಲ ತನಕ ಬಂದಳು.

"ಇನ್ನೊಂದು ತಪ್ಪೂ ಆಗಿದೆ ನನ್ನಿಂದ," ಅಂದರು ಆಚಾರಿ. "ನಿಮ್ಮಣ್ಣನ ಪದ್ಧತಿ ನಿಮಗೆ ಗೊತ್ತಲ್ಲ. ಇಂಜಿನ್ ಬಿಚ್ಚಿ ಕಟ್ಟಿದಾಗೆಲ್ಲ ಅರಿಶಿನದ ಕೊಂಬು ಕಟ್ಟಿದ ದಾರಾನ ಸ್ಟಿಯರಿಂಗಿಗೆ ಕಟ್ಟದೆ ಗಾಡಿ ಒಂದಡಿ ಕದಲಿಸ್ತಿರ್ಲಿಲ್ಲ. ಈ ಸಲ ಅದನ್ನ ನಾನು ಕೇಳ್ಲೇ ಇಲ್ಲ. ಈ ಹುಡುಗಿಗಂತೂ ನೆನಪಿಲ್ಲ. ಅದಕ್ಕೇ ಹಿಂಗಾಯ್ತು. ಈಗ ಕಟ್ಟಿಬಿಡಿ."

ಅಪ್ಪನಿಗೆ ಆ ಪದ್ಧತಿ ಇದ್ದದ್ದು ನಿಜ. ಇಂಜಿನ್ ಬಿಚ್ಚಿ ಕಟ್ಟುವುದು ಹೆರಿಗೆ ಆದ ಹಾಗೆ, ಬರಿಗೈಯಲ್ಲಿ ಮನೆಗೆ ಕರೆದುಕೊಂಡು ಬರಬಾರದು ಅನ್ನುತ್ತಿದ್ದ. ನನಗೆ ಅದು ಮರೆತೇ ಹೋಗಿತ್ತು.

"ಅವಳ ಕೈಲಿ ಕಟ್ಸಿ," ಅಂದಳು ಅತ್ತೆ.

"ಮನೆಗೆ ಹಿರೀರು ನೀವು. ಹಿರೀರೇ ಕಟ್ಟಬೇಕು."

"ನಾನಾ?" ಅತ್ತೆ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡಳು. "ನಾನು ಕಟ್ಟಬಾರದು ಆಚಾರ್ರೇ. ನನ್ನ ಕೈ ಒಳ್ಳೇದಲ್ಲ."

"ನನ್ನ ಕೈ ಒಳ್ಳೇದು ಅಂತ ಊರೆಲ್ಲ ಡಂಗುರ ಹೊಡೆದೆ. ಏನಾಯ್ತು ನೋಡಿದ್ರಲ್ಲ? ಯಾರ ಕೈ ಒಳ್ಳೇದು ಅಂತ ಹೇಳೋ ಹಕ್ಕು ಇವತ್ತಿನಿಂದ ನನಗಂತೂ ಇಲ್ಲ, ನಿಮಗೂ ಬೇಡ. ಕಟ್ಟಿ."

ಅತ್ತೆ ಅವರ ಮುಖ ನೋಡಲಿಲ್ಲ. ಅವರ ಎದೆಯ ಹತ್ತಿರ ಎಲ್ಲೋ ನೋಡುತ್ತ ನಿಂತಳು. ಅಳುತ್ತಾಳೇನೋ ಎಂದು ನಾನು ಹತ್ತಿರ ಹೋದೆ. ಅವಳು ನನ್ನನ್ನು ಬದಿಗೆ ಸರಿಸಿ ಒಳಗೆ ಹೋದಳು. ದೇವರ ಗೂಡಿನ ಮುಂದೆ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ದಾರವಿತ್ತು, ಬೆರಳು ಹಳದಿಯಾಗಿತ್ತು. ಕಾರಿನ ಬಾಗಿಲು ತೆಗೆದು, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಮೊಣಕಾಲೂರಿ, ಸ್ಟಿಯರಿಂಗಿನ ದಂಡಕ್ಕೆ ಗಂಟು ಹಾಕಿದಳು. ಒಂದಲ್ಲ, ಒಂದರ ಮೇಲೊಂದು. ಬೀದಿಯ ಜನ ನೋಡುತ್ತಿದ್ದರು. ನೋಡಲಿ ಎಂಬಂತೆ ನಿಧಾನವಾಗಿ ಕಟ್ಟಿದಳು.

ಆಮೇಲೆ ಆಚಾರಿಗೆ ಕಾಫಿ ತಂದುಕೊಟ್ಟಳು. ಅಪ್ಪನ ಹಿತ್ತಾಳೆ ಲೋಟದಲ್ಲಿ. ಅಪ್ಪ ಹೋದ ಮೇಲೆ ಆ ಲೋಟವನ್ನು ನನಗೂ ಮುಟ್ಟಗೊಟ್ಟಿರಲಿಲ್ಲ. ಆಚಾರಿ ಅದನ್ನು ಗುರುತಿಸಿದರೋ ಇಲ್ಲವೋ, ಸಕ್ಕರೆ ಕಡಿಮೆಯಾಯಿತೆಂದು ದೂರಿ ಕುಡಿದು ಹೋದರು.

ಮದುವೆಯ ದಿನ ಬೆಳಿಗ್ಗೆ ಬಾಗಿಲು ತೆಗೆದು ನೋಡಿದೆ. ಕಾರಿನ ಕೆಳಗೆ ನೆಲ ಒಣಗಿತ್ತು. ಗೌರತ್ತೆ ಪೊರಕೆ ಹಿಡಿದು ಬಂದವಳು ಗುಡಿಸಲು ಏನೂ ಇಲ್ಲದೆ ಸುಮ್ಮನೆ ನಿಂತಳು. ಆದರೂ ನಾನು ಹೊರಡುವ ಹೊತ್ತಿಗೆ ಹಿತ್ತಲಿಗೇ ಹೋದಳು. ದಾರ ಕಟ್ಟಿದಷ್ಟಕ್ಕೆ ಅವಳ ಧೈರ್ಯ ಮುಗಿದಿತ್ತೇನೋ.

ಚೆಲುವಾಚಾರಿ ತಾವೂ ಬರುತ್ತೇನೆಂದು ಮುಂದಿನ ಸೀಟಿನಲ್ಲಿ ಕೂತರು. ಮದುವೆ ಊಟ ಬಿಡಬಾರದು ಎಂಬುದು ಅವರು ಕೊಟ್ಟ ಕಾರಣ. ಹಿಂದೆ ಮಾದಪ್ಪನವರ ಮಗಳು, ಅವಳ ಚಿಕ್ಕಮ್ಮ, ಕಾರಿನ ತುಂಬ ಮಲ್ಲಿಗೆಯ ವಾಸನೆ. ಗುಡ್ಡದ ಏರು ಶುರುವಾದಾಗ ನನ್ನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಆ ಮುಳ್ಳಿನ ಮೇಲೇ ಇತ್ತು. ಹೊಂಗೆಮರ ದಾಟಿತು. ಮುಳ್ಳು ನಡುವಿನಲ್ಲಿ ನಿಂತದ್ದು ನಿಂತೇ ಇತ್ತು. ಗುಡ್ಡದ ನೆತ್ತಿಯಲ್ಲಿ ಗಾಳಿ ಬೀಸಿದಾಗ ಮದುಮಗಳು ಹಿಂದಿನಿಂದ, "ಅಕ್ಕ, ನಮ್ಮಮ್ಮ ಇದೇ ಸೀಟಲ್ಲಿ ಅಳ್ತಾ ಬಂದಿದ್ರಂತೆ. ನಂಗೆ ಯಾಕೋ ಅಳುನೇ ಬರ್ತಿಲ್ಲ," ಅಂದಳು. "ಅಳಬೇಡ, ಸೀಟ್ ಒದ್ದೆಯಾಗುತ್ತೆ. ಈ ಕಾರು ಇನ್ನು ಒದ್ದೆ ಆಗಕೂಡದು," ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆಚಾರಿ ಮಾತ್ರ ನಕ್ಕರು.

ಅವಳನ್ನು ಇಳಿಸಿ, ಊಟ ಮಾಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರೇ ಹಿಂದಿರುಗುವಾಗ ನಾನು ಕೇಳಿದೆ. "ಆಚಾರ್ರೇ, ನೀವು ಬೇರಿಂಗ್ ಸೊಟ್ಟ ಕೂರಿಸೋರಲ್ಲ. ಗ್ರಹಣದ ಮೇಲೆ ಹಾಕೋರು ಆವತ್ತು ಯಾಕೆ ಒಪ್ಕೊಂಡ್ರಿ? ಜೇಬಿಗೆ ಏನು ಹಾಕ್ಕೊಂಡ್ರಿ?"

ಹಳ್ಳದ ಸೇತುವೆ ಬಂತು. ಅಲ್ಲಿ ನಿಲ್ಲಿಸು ಅಂದರು. ಮಡಿಸಿದ ಒಂದು ಕಾಗದದ ಚೂರು ತೆಗೆದು ಬಿಡಿಸಿದರು. ಒಳಗೆ ಎಣ್ಣೆ ಹತ್ತಿ ಕಪ್ಪಾದ ಒಂದು ದಾರ, ಹಗ್ಗದಂತೆ ಹುರಿಗೊಂಡದ್ದು. ದಾರದ ತುದಿಯಲ್ಲಿ ಜಜ್ಜಿದ ಅರಿಶಿನದ ಕೊಂಬು. ಮುರಿದ ಕಡೆ ಒಳಗಿನ ಹಳದಿ ಇನ್ನೂ ಹಾಗೇ ಇತ್ತು.

"ಪಂಪಿನ ದಂಡಕ್ಕೆ ಕಟ್ಟಿತ್ತು, ಫ್ಯಾನಿನ ಹಿಂದೆ," ಅಂದರು. "ದಂಡ ತಿರುಗಿದ ಹಾಗೆ ದಾರ ಸುತ್ತಿ ಸುತ್ತಿ ಬೇರಿಂಗ್ ಒಳಕ್ಕೆ ಹೋಗಿದೆ. ಕೊಂಬು ಹೋಗಿ ಸಂದೀಲಿ ಸಿಕ್ಕಿ ದಂಡಾನೇ ಅದುರಿಸಿದೆ. ಆಮೇಲೆ ಸೀಲು ಎಷ್ಟು ದಿನ ತಡೀತದೆ?"

"ಯಾರು ಕಟ್ಟಿದ್ದು?" ಕೇಳುವಾಗಲೇ ನನಗೆ ಗೊತ್ತಾಯಿತು.

"ನಾನು ಕಟ್ಟಿಲ್ಲ. ನೀನು ಕಟ್ಟಿಲ್ಲ. ಕಟ್ಟೋ ಹಕ್ಕಿದೆ ಅಂದ್ಕೊಂಡೋರು ಸ್ಟಿಯರಿಂಗಿಗೆ ಕಟ್ತಾರೆ, ಎಲ್ಲರಿಗೂ ಕಾಣೋ ಹಾಗೆ. ಇಲ್ಲ ಅಂದ್ಕೊಂಡೋರು ತಾನೇ ಕದ್ದು, ಯಾರೂ ನೋಡದ ಜಾಗ ಹುಡುಕಿ ಕಟ್ಟೋದು? ಪಾಪ, ಅದು ತಿರುಗೋ ಜಾಗ ಅಂತ ಆಯಮ್ಮನಿಗೆ ಏನು ಗೊತ್ತು." ಅವರು ಕಾಗದವನ್ನು ಮತ್ತೆ ಮಡಿಸಿದರು. "ಮೂರು ಸಾವನ್ನ ತನ್ನ ಲೆಕ್ಕಕ್ಕೆ ಬರ್ಕೊಂಡಿದಾರೆ. ಇದನ್ನೂ ಬರ್ಕೊಂಡಿದ್ರೆ ಆಮೇಲೆ ನಿನ್ನ ಮೈ ಮುಟ್ಟೋಕೂ ಹೆದರೋರು. ಒಂದು ಬೇರಿಂಗ್ ತಾನೇ. ನನ್ನ ಲೆಕ್ಕಕ್ಕೆ ಇರ್ಲಿ ಅಂದ್ಕೊಂಡೆ."

ಒಂದೇ ಒಂದು ಸಲವೂ ತಪ್ಪೊಪ್ಪದ ಮನುಷ್ಯ, ಜೀವನದಲ್ಲಿ ಮೊದಲ ಸಲ ಒಪ್ಪಿಕೊಂಡಿದ್ದು ತಾನು ಮಾಡದ ತಪ್ಪನ್ನು. ಅದೂ ದ್ಯಾವಪ್ಪನ ಎದುರಿಗೆ. ನಾನು ಏನೋ ಹೇಳಲು ಹೋದೆ. ಮದುಮಗಳು ಉಳಿಸಿಹೋದ ಅಳು ಬಂತು.

"ಅಳಬೇಡ, ಸೀಟ್ ಒದ್ದೆಯಾಗುತ್ತೆ," ಅಂದರು ಆಚಾರಿ. ಇಳಿದು ಹೋಗಿ ಆ ದಾರವನ್ನು ಸೇತುವೆಯಿಂದ ನೀರಿಗೆ ಬಿಟ್ಟು ಬಂದರು. "ನಿಮ್ಮತ್ತೆಗೆ ಇದು ಯಾವತ್ತೂ ಗೊತ್ತಾಗಬಾರದು." ನಾನು ಮಾತು ಕೊಟ್ಟೆ, ಉ‍ಳಿಸಿಕೊಂಡೆ. ಅತ್ತೆಯೂ ತನ್ನ ಮಾತು ಉಳಿಸಿಕೊಂಡಳು. ಕಾರು ಮಾರುವ ಸುದ್ದಿ ಮತ್ತೆ ಎತ್ತಲಿಲ್ಲ.

ಆ ಕಾರು ನನ್ನನ್ನು ಬಹಳ ಕಾಲ ಸಾಕಿತು. ಮಾದಪ್ಪನವರ ಮಗಳನ್ನು ಬಾಣಂತನಕ್ಕೆ ಕರೆತಂದದ್ದೂ ನಾನೇ. ಚೆಲುವಾಚಾರಿ ನಮ್ಮ ಮನೆಗೆ ಬಂದಾಗಲೆಲ್ಲ ಅತ್ತೆ ಅವರಿಗೆ ಅಪ್ಪನ ಲೋಟದಲ್ಲೇ ಕಾಫಿ ಕೊಟ್ಟಳು. ಅವರು ಪ್ರತಿ ಸಲವೂ ಏನಾದರೊಂದು ದೂರಿಯೇ ಕುಡಿದರು.

ಅತ್ತೆಯ ತಲೆ ಪೂರ್ತಿ ಬೆಳ್ಳಗಾದ ಮೇಲೆ ಒಮ್ಮೆ ಇಂಜಿನನ್ನು ಮತ್ತೆ ಬಿಚ್ಚಬೇಕಾಯಿತು. ಚೆಲುವಾಚಾರಿ ಆಗ ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದರು. ಬೇರೆ ಯಾರೂ ಮುಟ್ಟಕೂಡದೆಂದು ಹಟ ಮಾಡಿ, ನಡುಗುವ ಕೈಯಲ್ಲೇ ನಿಧಾನವಾಗಿ ನಮ್ಮ ಅಂಗಳದಲ್ಲಿ ಕೆಲಸ ಮುಗಿಸಿದರು. ಕೊನೆಗೆ ರಂಗೋಲಿ ಪುಡಿಯನ್ನೂ ಉದುರಿಸಿ ನೋಡಿದರು. ಎಲ್ಲ ಬೆಳ್ಳಗಿತ್ತು. ಅವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅತ್ತೆ ದಾರ ಹಿಡಿದು ಬಂದಳು. ಗಂಟು ಹಾಕಲು ಅವಳ ಬೆರಳಿಗೆ ಬಲವಿರಲಿಲ್ಲ. ದಾರ ಜಾರದ ಹಾಗೆ ನಾನು ಅದರ ಮೇಲೆ ಬೆರಳಿಟ್ಟು ಹಿಡಿದೆ.

"ಆವತ್ತು ಆತನ ಅಂಗಿಯೆಲ್ಲ ಕಪ್ಪು ಜಿಡ್ಡು," ಅಂದಳು ಅತ್ತೆ, ಗಂಟಿನ ಮೇಲೇ ಕಣ್ಣಿಟ್ಟು. "ಜೇಬು ಮಾತ್ರ ಹಳದಿ."

ನಾನು ಬೆರಳು ತೆಗೆಯಲು ಹೋದೆ, ಅವಳು ಅದನ್ನು ಮತ್ತೆ ದಾರದ ಮೇಲೆ ಒತ್ತಿಟ್ಟಳು.

"ನಾನು ನೋಡ್ಲಿಲ್ಲ ಅಂದ್ಕೊಂಡಿದಾನೆ. ನೋಡಿದ ತಕ್ಷಣ ಗೊತ್ತಾಯ್ತು ಕಣೆ. ಕಾರು ಬಂದ ದಿನ ನೀನು ಸ್ನಾನಕ್ಕೆ ಹೋಗಿದ್ದೆ. ಬಾನೆಟ್ ತೆಗೆದೇ ಇತ್ತು. ಕಾರು ಬೇಡ ಅಂತ ನಾನೇ ಹಟ ಮಾಡ್ದೋಳು. ಆದ್ರೂ ನಿನ್ನ ಬರೀ ಕೈಯಲ್ಲಿ ಹೇಗೆ ಕಳಿಸ್ಲಿ? ನಡುಗ್ತಾ ನಡುಗ್ತಾ ಕಟ್ಟಿದ್ದೆ, ನಮ್ಮಣ್ಣಂಗೆ ಕೈ ಮುಗಿದು. ಆ ಜೇಬು ನೋಡಿ ಜೀವ ನಿಂತ ಹಾಗಾಯ್ತು. ಇದೂ ನನ್ನಿಂದಲೇ ಅಂದ್ಕೊಂಡೆ." ಅವಳು ಎರಡನೆಯ ಗಂಟು ಶುರು ಮಾಡಿದಳು. "ಆಮೇಲೆ ಯೋಚನೆ ಮಾಡ್ದೆ. ದೇವರ ಎದುರಿಗೂ ತಪ್ಪು ಅನ್ನದೋನು, ನನಗೋಸ್ಕರ ಬೀದಿ ಎದುರಿಗೆ ಅಂದುಬಿಟ್ಟ. ಅಷ್ಟು ದೊಡ್ಡದನ್ನ ಕೊಟ್ಟ ಮೇಲೂ ನನ್ನ ಕೈ ಕೆಟ್ಟದ್ದು ಅಂತ ಹೇಳ್ಕೊಂಡು ನಿಂತ್ರೆ, ಅವನು ಕೊಟ್ಟಿದ್ದನ್ನ ಬೀದೀಲಿ ಚೆಲ್ಲಿದ ಹಾಗಲ್ವಾ? ಅದಕ್ಕೇ ಕಟ್ಟಿದೆ. ಕಟ್ಟುವಾಗ್ಲೇ ಹೊಳೀತು. ಕೈ ತಪ್ಪಲ್ಲ, ಆವತ್ತು ಕಟ್ಟಿದ ಜಾಗ ತಪ್ಪು."

"ಅವರಿಗೆ ಹೇಳಬಾರದಾಗಿತ್ತಾ ಅತ್ತೆ?"

"ಬೇಡ. ನನ್ನನ್ನ ಕಾಪಾಡಿದೀನಿ ಅಂತ ಸಂತೋಷವಾಗಿದಾನೆ. ಹಾಗೇ ಇರ್ಲಿ."

ಆಚಾರಿ ಕೈ ಒರೆಸಿಕೊಳ್ಳುತ್ತ ಬಂದರು. ಲೋಟದ ಕಾಫಿ ಕುಡಿದು, ಈ ಸಲ ಸಕ್ಕರೆ ಹೆಚ್ಚಾಯಿತೆಂದು ಗೊಣಗಿದರು. ಅವರನ್ನು ಮನೆಗೆ ಬಿಡಲು ನಾನು ಕಾರು ಹತ್ತಿದೆ. ಪಕ್ಕದಲ್ಲಿ ಕೂತು ಅವರು ಇಂಜಿನಿನ ಸದ್ದಿಗೆ ಕಿವಿಗೊಟ್ಟರು. "ಕೇಳು, ಹೆಂಗಿದೆ! ನನ್ನ ಕೈ ಬಿಟ್ಟು ಹೋದ ಇಂಜಿನ್ ತಿರುಗಿ ನನ್ನ ಮುಖ ನೋಡಿದ್ದಿಲ್ಲ."

"ಒಂದೇ ಒಂದು ಸಲ ನೋಡಿತ್ತು," ಎಂದೆ.

"ಹೌದು ಹೌದು. ಅದೊಂದು ನನ್ನ ತಪ್ಪು," ಎಂದು ಅವರು ಬಹಳ ಗಂಭೀರವಾಗಿ ತಲೆಯಾಡಿಸಿದರು.

ಅವರಿಗೆ ಹೇಳಿಬಿಡಬೇಕೆಂದು ನಾಲಿಗೆಯ ತುದಿಯ ತನಕ ಬಂತು. ನುಂಗಿಕೊಂಡೆ. ಸ್ಟಿಯರಿಂಗಿನ ಮೇಲೆ ಹಸಿ ದಾರ ಅಲುಗುತ್ತಿತ್ತು. ಅದನ್ನು ಮುಟ್ಟಿದ ನನ್ನ ಬೆರಳೂ ಹಳದಿಯಾಗಿತ್ತು. ಗೇಟು ದಾಟಿ ತಿರುಗುವಾಗ ಅಭ್ಯಾಸಬಲದಿಂದ ಕನ್ನಡಿ ನೋಡಿದೆ. ಅಲ್ಲಿ ಯಾವಾಗಲೂ ಕಾಣುತ್ತಿದ್ದುದು ಖಾಲಿ ಅಂಗಳ. ಇವತ್ತು, ಕಾರು ನಿಂತಿದ್ದ ಜಾಗದಲ್ಲೇ, ಒಣಗಿದ ನೆಲದ ಮೇಲೆ ಗೌರತ್ತೆ ಬರಿಗಾಲಲ್ಲಿ ನಿಂತಿದ್ದಳು. ರಸ್ತೆಗೆ ಎದುರಾಗಿ, ನಮ್ಮ ಕಡೆಗೇ ನೋಡುತ್ತ.